ಆರು ಪೆನ್ನಿಯ ರಾಜ್ಯಶಾಸ್ತ್ರ

1792ನೆಯ ಇಸವಿ ಡಿಸೆಂಬರು 18ನೆಯ ದಿನ ಲಂಡನ್ ನಗರದ ಗಿಲ್ಡ್‌ಹಾಲ್ ಎಂಬ ಪುರಭವನದಲ್ಲಿ ಒಂದು ಪುಸ್ತಕದ ವಿಚಾರಣೆ ನಡೆಯಿತು. ಬರೆದವನು ಅಲ್ಲಿರಲಿಲ್ಲ, ಮೂರು ತಿಂಗಳ ಹಿಂದೆಯೇ ಕಡಲು ದಾಟಿ ಫ್ರಾನ್ಸಿಗೆ ಹೋಗಿದ್ದನು. ಸರಕಾರದ ಪರವಾಗಿ ವಾದಿಸಲು ನಿಂತ ಅಟಾರ್ನಿ ಜನರಲನು ಜ್ಯೂರಿಯವರಿಗೆ ಒಂದು ಸಂಗತಿಯನ್ನು ಮೊದಲು ವಿವರಿಸಬೇಕಾಗಿದ್ದಿತು. ಈ ಗ್ರಂಥದ ಮೊದಲನೆಯ ಭಾಗವು ಹಿಂದಿನ ವರ್ಷವೇ ಪ್ರಕಟವಾಗಿದ್ದಿತು. ಅದರಲ್ಲಿಯೂ ದೊರೆತನವನ್ನು ಹಳಿಯುವ ಮಾತುಗಳಿಗೆ ಕೊರತೆಯಿರಲಿಲ್ಲ. ಆಗ ಸುಮ್ಮನಿದ್ದ ಸರಕಾರವು ಎರಡನೆಯ ಭಾಗ ಬಂದಾಗ ಮಾತ್ರ ಏಕೆ ಕೆರಳಿತು? ಅವನು ಹೇಳಿದ ಸಮಾಧಾನವು ಹೀಗಿದ್ದಿತು: ಮೊದಲನೆಯ ಭಾಗವು ವಿವೇಕಿಗಳಾದ ಓದುಗರಲ್ಲಿಯೇ ಉಳಿಯುವುದೆಂದೂ, ಅಂಥವರು ಓದುತ್ತಲೇ ಅದರ ತಪ್ಪುಗಳನ್ನು ಕಂಡುಕೊಳ್ಳುವರೆಂದೂ ತಾನು ಎಣಿಸಿದ್ದನು. ಎರಡನೆಯ ಭಾಗವಾದರೋ ಎಲ್ಲ ಗಾತ್ರಗಳಲ್ಲಿಯೂ ಎಲ್ಲ ಆಕಾರಗಳಲ್ಲಿಯೂ ಅಚ್ಚಾಗಿ, ದೇಶದ ಎಲ್ಲ ತರಗತಿಯವರ ಕೈಗೂ ಹೋಗಿ ಸೇರಿತು. ಹೆಚ್ಚೇನು, ಮಕ್ಕಳು ಕೊಳ್ಳುವ ಮಿಠಾಯಿಯನ್ನು ಕೂಡ ಅದರ ಹಾಳೆಗಳಲ್ಲಿ ಸುತ್ತಿ ಕೊಡುತ್ತಿದ್ದರು.

ಆ ಗ್ರಂಥದ ಹೆಸರು ‘ಮಾನವನ ಹಕ್ಕುಗಳು’. ಬರೆದವನು ಥಾಮಸ್ ಪೇನ್. ಮಿಠಾಯಿಯ ಮಾತನ್ನು ಕೇಳಿದರೆ ನಮ್ಮ ಕಡೆಯ ಗೃಹಸ್ಥರಿಗೆ ನಗು ಬಂದೀತು. ಪ್ಲಾಸ್ಟಿಕ್ಕಿನ ಚೀಲಗಳು ಬರುವುದಕ್ಕೆ ಮುಂಚೆ ನಮ್ಮ ಅಂಗಡಿಬೀದಿಗಳಿಂದಲೂ ಬೆಲ್ಲ ಬೇಳೆಗಳು ಹಳೆಯ ಪುಸ್ತಕದ ಹಾಳೆಗಳಲ್ಲಿಯೇ ಮನೆಗೆ ಬರುತ್ತಿದ್ದವು. ಸಾಮಾನನ್ನು ಡಬ್ಬಿಗೆ ಸುರಿದ ಮೇಲೆ ಪೊಟ್ಟಣದ ಹಾಳೆಯನ್ನು ಬಿಡಿಸಿ ಓದುವ ಹುಡುಗರು ಎಷ್ಟೋ ಮನೆಗಳಲ್ಲಿದ್ದರು. ಆದರೆ ಅಟಾರ್ನಿ ಜನರಲನು ಅದನ್ನು ವಿನೋದಕ್ಕಾಗಿ ಹೇಳಿದುದಲ್ಲ. ಅವನಿಗಿದ್ದ ಭಯವು ನಿಜವಾದ ಭಯ. ಪುಸ್ತಕವು ಏನು ಹೇಳುತ್ತದೆಯೆಂಬುದಕ್ಕಿಂತ ಯಾರಿಗೆ ಹೇಳುತ್ತದೆಯೆಂಬುದೇ ಅವನಿಗೆ ದೊಡ್ಡ ಅಪರಾಧವಾಗಿ ಕಂಡಿತು.

ರಾಜ್ಯಶಾಸ್ತ್ರದ ಗ್ರಂಥಗಳನ್ನು ಕುರಿತು ಬರೆಯುವವರು ಸಾಧಾರಣವಾಗಿ ಅವುಗಳಲ್ಲಿರುವ ತತ್ತ್ವಗಳನ್ನೇ ವಿಚಾರಿಸುತ್ತಾರೆ: ಪ್ರಭುತ್ವವು ಎಲ್ಲಿಂದ ಬಂದಿತು, ಪ್ರಜೆಗೆ ಸಲ್ಲತಕ್ಕದ್ದೇನು, ಬಹುಮತಕ್ಕೆ ಮಿತಿಯುಂಟೆ, ಇತ್ಯಾದಿ. ಅದು ಪಂಡಿತರ ದಾರಿ. ಯೋಗ್ಯವಾದ ದಾರಿಯೇ ಸರಿ. ಮನೆವಾರ್ತೆಯವರಾದ ನಮಗೆ ಮತ್ತೊಂದು ದಾರಿಯೂ ಉಂಟು. ಆ ಪುಸ್ತಕದ ಬೆಲೆ ಎಷ್ಟಿದ್ದಿತು, ಅದು ಯಾವ ನುಡಿಯಲ್ಲಿದ್ದಿತು, ಯಾರು ಕೊಂಡರು, ಓದು ಬಾರದವರಿಗೆ ಯಾರು ಓದಿ ಹೇಳಿದರು? ಸಂತೆಯಲ್ಲಿ ಕೇಳುವಂಥ ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ, ಪ್ರಜಾಪ್ರಭುತ್ವವು ಪುಸ್ತಕದಿಂದ ಮನೆಯೊಳಕ್ಕೆ ಹೇಗೆ ಬಂದಿತೆಂಬುದು ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ.

ಪೇನನು 1737ರಲ್ಲಿ ಇಂಗ್ಲೆಂಡಿನ ನಾರ್ಫಕ್ ಸೀಮೆಯ ಥೆಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಹೆಂಗಸರು ಉಡುಪಿನ ಒಳಗೆ ತೊಡುವ ಬಿಗಿಯಂಗಿಗಳನ್ನು ಹೊಲಿಯುವುದು ತಂದೆಯ ಕಸಬು. ಮಗನೂ ಅದನ್ನೇ ಕಲಿತನು, ಅದು ಹತ್ತಲಿಲ್ಲ. ಅನಂತರ ಸುಂಕದ ಇಲಾಖೆಯಲ್ಲಿ ನೌಕರಿ ಹಿಡಿದನು, ಅದೂ ನಿಲ್ಲಲಿಲ್ಲ. ಸುಂಕದ ನೌಕರರ ಸಂಬಳವು ಹೊಟ್ಟೆಗೆ ಸಾಲದೆಂದು 1772ರಲ್ಲಿ ಅವನು ಬರೆದ ಮನವಿಯೇ ಅವನ ಮೊದಲ ದೊಡ್ಡ ಬರಹ. ಎರಡು ವರ್ಷಗಳಲ್ಲಿ ಕೆಲಸವೂ ಹೋಯಿತು, ಅಂಗಡಿಯೂ ಹೋಯಿತು, ಸಂಸಾರವೂ ಮುರಿಯಿತು. ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನಿಂದ ಒಂದು ಪರಿಚಯಪತ್ರವನ್ನು ಪಡೆದುಕೊಂಡು 1774ರ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರವನ್ನು ಸೇರಿದಾಗ ಅವನಿಗೆ ಮೂವತ್ತೇಳು ವರ್ಷ. ಹಡಗಿನಲ್ಲಿ ಹತ್ತಿದ ಜ್ವರದಿಂದ ಎದ್ದು ನಿಲ್ಲಲೂ ತ್ರಾಣವಿರಲಿಲ್ಲ.

ಹದಿಮೂರು ತಿಂಗಳು ಕಳೆದ ಮೇಲೆ, 1776ರ ಜನವರಿಯಲ್ಲಿ, ಅವನ ‘ಸಾಮಾನ್ಯ ಜ್ಞಾನ’ವೆಂಬ ಚಿಕ್ಕ ಪುಸ್ತಕವು ಹೊರಬಿದ್ದಿತು. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ದೊರೆಯೊಡನೆ ಇನ್ನು ಸಂಧಾನ ಮಾಡುತ್ತ ಕೂಡದೆ ಪೂರ್ತಿಯಾಗಿ ಬೇರೆಯಾಗಬೇಕೆಂಬುದೇ ಅದರ ಸಾರ. ಮೂರು ತಿಂಗಳಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ಪ್ರತಿಗಳು ಹೋದವೆಂದು ಪೇನನೇ ಹೇಳಿಕೊಂಡಿದ್ದಾನೆ. ಈಗಿನ ಚರಿತ್ರಕಾರರು ಆ ಲೆಕ್ಕವನ್ನು ನಂಬಲು ಹಿಂಜರಿಯುತ್ತಾರೆ. ಗ್ರಂಥಕರ್ತರು ತಮ್ಮ ಪ್ರತಿಗಳನ್ನು ಎಣಿಸುವಾಗ ಬೆರಳುಗಳು ಹೆಚ್ಚಾಗುವುದು ಎಲ್ಲ ದೇಶಗಳಲ್ಲಿಯೂ ಉಂಟಷ್ಟೆ. ಆದರೆ ಆ ಕಾಲದಲ್ಲಿ ಅಷ್ಟೊಂದು ಮಾತಿಗೆ ಕಾರಣವಾದ ಪುಸ್ತಕವು ಅಲ್ಲಿ ಬೇರೊಂದಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ತನಗೆ ಬರಬೇಕಾದ ಲಾಭವನ್ನು ಅವನು ಚಳಿಯಲ್ಲಿ ದಂಡೆತ್ತಿಹೋಗುವ ಸಿಪಾಯಿಗಳಿಗೆ ಕೈಗವಸು ಕೊಳ್ಳುವುದಕ್ಕಾಗಿ ಬಿಟ್ಟುಕೊಟ್ಟನು.

ಹೀಗೆ ಹೆಸರಾಗಿ ಇಂಗ್ಲೆಂಡಿಗೆ ಹಿಂದಿರುಗಿದವನು ಫ್ರಾನ್ಸಿನ ಕ್ರಾಂತಿಯ ಗಾಳಿಗೆ ಸಿಕ್ಕಿದನು. 1790ರ ನವೆಂಬರಿನಲ್ಲಿ ಎಡ್ಮಂಡ್ ಬರ್ಕನು ಆ ಕ್ರಾಂತಿಯನ್ನು ಖಂಡಿಸಿ ತನ್ನ ಪ್ರಸಿದ್ಧವಾದ ಗ್ರಂಥವನ್ನು ಪ್ರಕಟಿಸಿದನು. ಬರ್ಕನ ಶೈಲಿಯು ರಾಜಸಭೆಯ ಶೈಲಿ. ಓದಿದರೆ ಆನೆ ನಡೆದಂತೆ ಇರುತ್ತದೆ. ಹಿರಿಯರಿಂದ ಬಂದ ಏರ್ಪಾಡುಗಳನ್ನು ಒಂದೇ ದಿನದಲ್ಲಿ ಕೆಡವಿದರೆ ಅರಾಜಕತೆ ಬರುವುದೆಂದೂ, ಕಡೆಗೆ ಸೈನ್ಯದ ಒಡೆಯನೊಬ್ಬನು ಎಲ್ಲವನ್ನೂ ಕೈವಶ ಮಾಡಿಕೊಳ್ಳುವನೆಂದೂ ಅವನು ಬರೆದನು. ಅದು ಸುಳ್ಳಾಗಲಿಲ್ಲ, ನೆಪೋಲಿಯನ್ ಬಂದೇ ಬಂದನು. ಪೇನನ ಪಕ್ಷವನ್ನು ಹಿಡಿಯುವವರು ಈ ಮಾತನ್ನು ಮರೆಯಬಾರದು.

ಪೇನನು ಬರ್ಕನಿಗೆ ಉತ್ತರವಾಗಿ ‘ಮಾನವನ ಹಕ್ಕುಗಳು’ ಗ್ರಂಥದ ಮೊದಲ ಭಾಗವನ್ನು ಬರೆದನು. ಅಚ್ಚುಹಾಕಲು ಮೊದಲು ಒಪ್ಪಿಕೊಂಡಿದ್ದ ಪ್ರಕಾಶಕನು ಹೆದರಿ ಹಿಂದೆಗೆದನು. ಮತ್ತೊಬ್ಬನು ಅದನ್ನು 1791ರ ಮಾರ್ಚಿಯಲ್ಲಿ ಹೊರತಂದನು. ಬೆಲೆ ಮೂರು ಷಿಲ್ಲಿಂಗು. ಆಗಿನ ಇಂಗ್ಲಿಷ್ ನಾಣ್ಯದ ಲೆಕ್ಕದಲ್ಲಿ ಹನ್ನೆರಡು ಪೆನ್ನಿಗೆ ಒಂದು ಷಿಲ್ಲಿಂಗು, ಇಪ್ಪತ್ತು ಷಿಲ್ಲಿಂಗಿಗೆ ಒಂದು ಪೌಂಡು. ಹೊಲದಲ್ಲಿ ದುಡಿಯುವ ಆಳಿಗೆ ವಾರದ ಕೂಲಿ ಎಂಟೊಂಬತ್ತು ಷಿಲ್ಲಿಂಗು ಬಂದರೆ ಹೆಚ್ಚು. ಪುಸ್ತಕಕ್ಕಾಗಿ ಎರಡು ದಿನದ ಕೂಲಿಯನ್ನು ಯಾರು ತೆತ್ತಾರು? ಸರಕಾರವು ನೆಮ್ಮದಿಯಿಂದ ಇದ್ದುದಕ್ಕೆ ಇದೇ ಕಾರಣ.

1792ರ ಫೆಬ್ರವರಿಯಲ್ಲಿ ಎರಡನೆಯ ಭಾಗವು ಬಂದಿತು. ಷೆಫೀಲ್ಡ್ ಮೊದಲಾದ ಕೈಗಾರಿಕೆಯ ಊರುಗಳಲ್ಲಿ ಕತ್ತರಿ ಚಾಕು ಮಾಡುವವರೂ, ನೇಯುವವರೂ, ಚಮ್ಮಾರರೂ ಸೇರಿ ಕಟ್ಟಿಕೊಂಡಿದ್ದ ಸಂಘಗಳು ತಮಗೊಂದು ಅಗ್ಗದ ಮುದ್ರಣ ಬೇಕೆಂದು ಕೇಳಿದವು. ಪೇನನು ಒಪ್ಪಿದನು. ಆರು ಪೆನ್ನಿಯ ಪ್ರತಿಗಳು ಹೊರಟವು. ಮೂರು ಷಿಲ್ಲಿಂಗಿನ ಪುಸ್ತಕವು ಅದರ ಆರನೆಯ ಒಂದು ಪಾಲಿಗೆ ಇಳಿಯಿತು. ಪೇಟೆಯ ಪಾನಗೃಹಗಳಲ್ಲಿ, ಕೆಲಸದ ಸಾಲೆಗಳಲ್ಲಿ ಒಬ್ಬನು ಓದುವುದು, ಹತ್ತು ಮಂದಿ ಕೇಳುವುದು. ನಮ್ಮ ಹಳ್ಳಿಗಳ ಜಗಲಿಯ ಮೇಲೆ ಜೈಮಿನಿ ಭಾರತವು ನಡೆಯುತ್ತಿದ್ದ ಬಗೆಯೂ ಇದೇ. ಹೀಗೆ ನಡೆಯುವಾಗ ಎಷ್ಟು ಪ್ರತಿ ಮಾರಾಟವಾಯಿತೆಂಬ ಲೆಕ್ಕದಿಂದ ಎಷ್ಟು ಕಿವಿಗೆ ಬಿದ್ದಿತೆಂಬುದನ್ನು ಹೇಳಲಾಗದು.

ಇಷ್ಟು ಜನರನ್ನು ಹಿಡಿದು ನಿಲ್ಲಿಸಿದ ವಿಷಯವಾದರೂ ಯಾವುದು? ದೊರೆತನವನ್ನು ಹಳಿಯುವುದು ಒಂದು ಅಂಶ. ಅದರಲ್ಲಿ ಪೇನನು ಒಮ್ಮೊಮ್ಮೆ ಎಲ್ಲೆ ಮೀರುತ್ತಾನೆ. ಈ ಲೇಖಕನಿಗೆ ತೋರುವಂತೆ ಅದರ ಜೀವವಿರುವುದು ಎರಡನೆಯ ಭಾಗದ ಐದನೆಯ ಅಧ್ಯಾಯದಲ್ಲಿ. ಅಲ್ಲಿ ಅವನು ಹಳೆಯ ಸುಂಕದ ಗುಮಾಸ್ತನಾಗಿ ಕುಳಿತುಕೊಂಡು ರಾಜ್ಯದ ಲೆಕ್ಕದ ಪುಸ್ತಕವನ್ನು ಬಿಚ್ಚುತ್ತಾನೆ. ಇಷ್ಟು ತೆರಿಗೆ ಬರುತ್ತದೆ, ಇಷ್ಟು ಯುದ್ಧದ ಸಾಲದ ಬಡ್ಡಿಗೆ ಹೋಗುತ್ತದೆ, ಇಷ್ಟು ಅರಮನೆಗೆ, ಇಷ್ಟು ಉದ್ಯೋಗವಿಲ್ಲದ ಉದ್ಯೋಗಸ್ಥರಿಗೆ. ಈ ಖರ್ಚನ್ನು ತಗ್ಗಿಸಿ, ದೊಡ್ಡ ಆಸ್ತಿಗಳ ಮೇಲೆ ಏರುತ್ತ ಹೋಗುವ ತೆರಿಗೆಯನ್ನು ಹಾಕಿದರೆ ಉಳಿಯುವ ಹಣವನ್ನು ಏನು ಮಾಡಬೇಕು? ಬಡ ಸಂಸಾರಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ವರ್ಷಕ್ಕೆ ನಾಲ್ಕು ಪೌಂಡು ಕೊಡಬೇಕು. ಆದರೆ ಮಗುವನ್ನು ಶಾಲೆಗೆ ಕಳುಹಿಸಲೇಬೇಕು. ಐವತ್ತು ದಾಟಿದ ಬಡವರಿಗೆ ವರ್ಷಕ್ಕೆ ಆರು ಪೌಂಡು, ಅರವತ್ತರ ಮೇಲೆ ಹತ್ತು ಪೌಂಡು. ಕೇಳಿದ ಬಾಣಂತಿಗೆ ಇಪ್ಪತ್ತು ಷಿಲ್ಲಿಂಗು. ಕೇಳಿದ ಹೊಸ ದಂಪತಿಗಳಿಗೆ ಅಷ್ಟೇ. ಕೂಲಿಗಾಗಿ ಊರು ಬಿಟ್ಟು ಹೋಗಿ ಬಂಧುಗಳಿಲ್ಲದ ಕಡೆ ಸತ್ತವರ ಶವಸಂಸ್ಕಾರಕ್ಕೂ ಒಂದು ಮೊತ್ತವನ್ನು ತೆಗೆದಿರಿಸಬೇಕು.

ಹುಟ್ಟು, ವಿದ್ಯೆ, ಮದುವೆ, ಮುಪ್ಪು, ಸಾವು. ಮನೆಯ ಹಿರಿಯನು ವರ್ಷದ ಆರಂಭದಲ್ಲಿ ಕುಳಿತು ಯೋಚಿಸುವ ಖರ್ಚುಗಳೇ ಇವೆಲ್ಲ. ರಾಜ್ಯಶಾಸ್ತ್ರದ ಗ್ರಂಥವೊಂದರಲ್ಲಿ ಬಾಣಂತಿಯ ಖರ್ಚು ಬಂದಿತೆಂದು ಆಗಿನ ದೊಡ್ಡ ಮನುಷ್ಯರು ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ. ಪೇನನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಇದು ಭಿಕ್ಷೆಯಲ್ಲ, ಹಕ್ಕು ಎಂದನು. ಬಡವನಾದರೂ ಉಪ್ಪು, ಸಾಬೂನು, ಮೇಣದಬತ್ತಿಗಳನ್ನು ಕೊಳ್ಳುವಾಗಲೆಲ್ಲ ತೆರಿಗೆಯನ್ನು ತೆರುತ್ತಲೇ ಇರುತ್ತಾನೆ. ಹೀಗೆ ಐವತ್ತು ವರ್ಷ ತೆತ್ತ ಹಣದ ಮೇಲಿನ ಬಡ್ಡಿಗಿಂತ ಈ ವೇತನವು ಬಹಳ ಹೆಚ್ಚಲ್ಲವೆಂದು ಅಂಕಿಗಳನ್ನು ಹಾಕಿ ತೋರಿಸಿದನು. ಅವನ ಅಂಕಿಗಳೆಲ್ಲವೂ ಸರಿಯೆಂದು ಹೇಳಲಾಗದು. ಆದರೆ ಬ್ರಿಟಿಷ್ ಪಾರ್ಲಿಮೆಂಟು 1908ರಲ್ಲಿ ವೃದ್ಧಾಪ್ಯ ವೇತನದ ಕಾನೂನನ್ನು ಮಾಡಿ, ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲ್ಲಿಂಗಿನವರೆಗೆ 1909ರ ಜನವರಿ 1ರಿಂದ ಕೊಡಲಾರಂಭಿಸಿತು. ಪೇನನು ಸತ್ತದ್ದು 1809ರ ಜೂನಿನಲ್ಲಿ. ಮಕ್ಕಳ ಭತ್ಯದ ಕಾನೂನು ಆಗುವುದಕ್ಕೆ 1945 ಬರಬೇಕಾಯಿತು.

ಇನ್ನು ಆ ವರ್ಷದ ಕಥೆಗೆ ಬರೋಣ. ಆರು ಪೆನ್ನಿಯ ಪ್ರತಿಗಳು ಹರಡುತ್ತಿದ್ದಂತೆ ಮೇ 21ರಂದು ದೊರೆಯ ಹೆಸರಿನಲ್ಲಿ ರಾಜದ್ರೋಹದ ಬರಹಗಳ ವಿರುದ್ಧವಾಗಿ ಘೋಷಣೆ ಹೊರಟಿತು. ಊರೂರಿನಲ್ಲಿ ಪೇನನ ಹುಲ್ಲಿನ ಬೊಂಬೆಗಳನ್ನು ಸುಟ್ಟರು. ಅವನ ಹೆಸರಿನ ಮೊದಲಕ್ಷರಗಳನ್ನು ಕೊರೆದ ಮೊಳೆಗಳನ್ನು ಪಾದರಕ್ಷೆಯ ಅಟ್ಟೆಗೆ ಹೊಡೆಸಿಕೊಂಡು, ಹೆಜ್ಜೆಹೆಜ್ಜೆಗೂ ಅವನನ್ನು ತುಳಿದಂತಾಯಿತೆಂದು ತೃಪ್ತಿಪಟ್ಟವರೂ ಉಂಟು. ಪುಸ್ತಕವನ್ನು ಮಾರಿದ ವ್ಯಾಪಾರಿಗಳು ಸೆರೆಮನೆ ಕಂಡರು. ಪೇನನು ಸೆಪ್ಟೆಂಬರಿನಲ್ಲಿ ಡೋವರ್ ಬಂದರಿನಿಂದ ಫ್ರಾನ್ಸಿಗೆ ಹೊರಟನು. ಅಲ್ಲಿ ಕ್ಯಾಲೆ ಪಟ್ಟಣದವರು ಅವನನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿದ್ದರು.

ವಿಚಾರಣೆಯಲ್ಲಿ ಪೇನನ ಪರವಾಗಿ ನಿಂತವನು ಥಾಮಸ್ ಅರ್ಸ್‌ಕಿನ್, ಆ ಕಾಲದ ವಕೀಲರಲ್ಲಿ ಅಗ್ರಗಣ್ಯನು. ಅವನು ಯುವರಾಜನಿಗೂ ಅಟಾರ್ನಿ ಜನರಲನಾಗಿದ್ದನು. ಈ ಮೊಕದ್ದಮೆಯನ್ನು ಹಿಡಿಯಬೇಡವೆಂದು ಹೇಳಿದವರ ಮಾತನ್ನು ಕೇಳದೆ ಗಂಟೆಗಟ್ಟಲೆ ವಾದಿಸಿದನು: ಮನುಷ್ಯನು ತನಗೆ ಸತ್ಯವೆಂದು ತೋರಿದುದನ್ನು ದೇಶದ ಬುದ್ಧಿಯ ಮುಂದೆ ಇಡಬಾರದೆ? ಆದರೆ ಪ್ಯಾರಿಸ್ಸಿನಿಂದ ಪೇನನು ಸರಕಾರೀ ವಕೀಲನಿಗೆ ಬರೆದಿದ್ದ ದುಡುಕಿನ ಕಾಗದವೊಂದನ್ನು ನ್ಯಾಯಸ್ಥಾನದಲ್ಲಿ ಓದಿಬಿಟ್ಟರು. ಅದರಲ್ಲಿ ದೊರೆಯನ್ನೂ ಯುವರಾಜನನ್ನೂ ಅವನು ಬಯ್ದಿದ್ದನು. ಅರ್ಸ್‌ಕಿನ್ನನ ವಾದ ಮುಗಿಯುತ್ತಲೇ ಜ್ಯೂರಿಯ ಮುಖ್ಯಸ್ಥನು ಎದ್ದು, ಸರಕಾರದ ಪ್ರತ್ಯುತ್ತರವು ತಮಗೆ ಬೇಕಾಗಿಲ್ಲವೆಂದನು. ತೀರ್ಪು: ಅಪರಾಧಿ. ಅರ್ಸ್‌ಕಿನ್ನನಿಗೆ ಯುವರಾಜನ ಬಳಿಯಿದ್ದ ಹುದ್ದೆ ತಪ್ಪಿತು. ಹೊರಗೆ ನೆರೆದಿದ್ದ ಜನರು ಅವನ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಗಾಡಿಯನ್ನು ಎಳೆದುಕೊಂಡು ಹೋದರು.

ಬೆಲೆಯೇ ಇಲ್ಲಿ ಅಪರಾಧವೆಂಬುದಕ್ಕೆ ಮರುವರ್ಷವೇ ಮತ್ತೊಂದು ಸಾಕ್ಷಿ ದೊರೆಯಿತು. 1793ರಲ್ಲಿ ವಿಲಿಯಂ ಗಾಡ್ವಿನ್ ಎಂಬುವನು ರಾಜಕೀಯ ನ್ಯಾಯವನ್ನು ಕುರಿತು ಒಂದು ಮಹಾಗ್ರಂಥವನ್ನು ಪ್ರಕಟಿಸಿದನು. ಅದರ ಮುಂದೆ ಪೇನನು ಸೌಮ್ಯನೆನ್ನಬೇಕು. ಸರಕಾರವೆಂಬುದೇ ಒಂದು ದಿನ ಬೇಡವಾದೀತೆಂಬುದು ಗಾಡ್ವಿನ್ನನ ಮತ. ಆದರೂ ಮೊಕದ್ದಮೆ ಹೂಡಲಿಲ್ಲ. ಮೂರು ಷಿಲ್ಲಿಂಗೂ ಕೈಯಲ್ಲಿ ಇಲ್ಲದ ಜನರಿಗೆ ಮೂರು ಗಿನಿಯ ಪುಸ್ತಕದಿಂದ ಏನು ಕೇಡಾದೀತು ಎಂದು ಪ್ರಧಾನಿಯಾದ ಪಿಟ್ ಹೇಳಿದನೆಂದು ಪ್ರತೀತಿ. ನಿಜವಾದ ಬೆಲೆ ಒಂದು ಪೌಂಡು ಹದಿನಾರು ಷಿಲ್ಲಿಂಗು. ಮಾತಿನ ಸೊಗಸಿಗಾಗಿ ಬೆಲೆ ಏರಿದೆ. ಅರ್ಥವೇನೋ ಕೆಟ್ಟಿಲ್ಲ.

ಮುಂದೆ ಈ ಅಳತೆಯು ಕಾನೂನಿನಲ್ಲಿಯೇ ಸೇರಿಕೊಂಡಿತು. ವೃತ್ತಪತ್ರಿಕೆಗಳ ಮೇಲೆ ಮೊದಲೇ ಇದ್ದ ಮುದ್ರಾಶುಲ್ಕವು 1815ರ ಹೊತ್ತಿಗೆ ಪ್ರತಿಯೊಂದಕ್ಕೆ ನಾಲ್ಕು ಪೆನ್ನಿಯಾಗಿದ್ದಿತು. 1819ರಲ್ಲಿ ಮಾಡಿದ ಕಾನೂನು ಆರು ಪೆನ್ನಿಗಿಂತ ಕಡಮೆ ಬೆಲೆಗೆ ಮಾರುವ ರಾಜಕೀಯ ಕಿರುಹೊತ್ತಗೆಗಳನ್ನೂ ಆ ಶುಲ್ಕಕ್ಕೆ ಒಳಪಡಿಸಿತು. ಪೇನನ ಆರು ಪೆನ್ನಿ ಹೀಗೆ ಶಾಸನದ ಗೆರೆಯಾಯಿತು. ಇಂಗ್ಲೆಂಡಿನ ಜನರು ಇದಕ್ಕೆ ‘ಜ್ಞಾನದ ಮೇಲಿನ ತೆರಿಗೆ’ ಎಂದು ಹೆಸರಿಟ್ಟು ಹೋರಾಡಿದರು. ಶುಲ್ಕವು 1836ರಲ್ಲಿ ಒಂದು ಪೆನ್ನಿಗೆ ಇಳಿದು, 1855ರಲ್ಲಿ ತೊಲಗಿತು. ಕಾಗದದ ಮೇಲಿನ ಸುಂಕವು 1861ರಲ್ಲಿ ಹೋಯಿತು.

ಆ ಮೇಲಿನ ಕಾಲದಲ್ಲಿ ಜಾನ್ ಸ್ಟುವರ್ಟ್ ಮಿಲ್ಲನು ಮಾಡಿದ ಕೆಲಸವೊಂದನ್ನು ಹೇಳದೆ ಬಿಡಲಾಗದು. ಅವನು ಪೇನನಂತೆ ಬೀದಿಯ ಲೇಖಕನಲ್ಲ, ಘನಪಂಡಿತನು. ಕೆಲಸಗಾರರು ಅವನ ಪುಸ್ತಕಗಳು ತಮಗೆ ಎಟಕುವಂತಾಗಬೇಕೆಂದು ಕೇಳುತ್ತಿದ್ದರು. ಅವನು ತನ್ನ ಪಾಲಿನ ಲಾಭವನ್ನು ಬಿಟ್ಟುಕೊಟ್ಟು, ‘ಸ್ವಾತಂತ್ರ್ಯ’, ‘ಪ್ರಾತಿನಿಧಿಕ ಸರಕಾರ’, ‘ಅರ್ಥಶಾಸ್ತ್ರದ ತತ್ತ್ವಗಳು’ ಎಂಬ ಮೂರು ಗ್ರಂಥಗಳಿಗೂ 1865ರಲ್ಲಿ ಜನತಾ ಮುದ್ರಣಗಳನ್ನು ಮಾಡಿಸಿದನು. ಅದೇ ವರ್ಷ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದಲ್ಲಿ ಚುನಾವಣೆಗೆ ನಿಂತನು. ಕೆಲಸಗಾರರೇ ತುಂಬಿದ್ದ ಸಭೆಯಲ್ಲಿ ಒಬ್ಬನು, ಈ ದೇಶದ ಕೆಲಸಗಾರರು ಸಾಮಾನ್ಯವಾಗಿ ಸುಳ್ಳು ಹೇಳುವವರೆಂದು ನೀವು ಬರೆದಿರುವುದುಂಟೆ ಎಂದು ಕೇಳಿದನು. ಅವನು ಒಂದು ಕಿರುಹೊತ್ತಗೆಯಲ್ಲಿ ಹಾಗೆ ಬರೆದಿದ್ದುದು ನಿಜ. ಮಿಲ್ಲನು ಸುತ್ತುಬಳಸಿನ ಮಾತಾಡದೆ, ಹೌದು, ಬರೆದಿದ್ದೇನೆ ಎಂದನು. ಸಭೆಯು ಚಪ್ಪಾಳೆಯಿಂದ ತುಂಬಿಹೋಯಿತು. ಅವನು ಗೆದ್ದನು ಕೂಡ. 1867ರಲ್ಲಿ ಅದೇ ಪಾರ್ಲಿಮೆಂಟಿನಲ್ಲಿ ಸ್ತ್ರೀಯರಿಗೂ ಮತವಿರಬೇಕೆಂಬ ಸೂಚನೆಯನ್ನು ತಂದು ಸೋತನು: ಪರವಾಗಿ 73, ವಿರೋಧವಾಗಿ 196. ನಮ್ಮ ಮನೆಗಳ ಹೆಣ್ಣುಮಕ್ಕಳು ಇಂದು ಮತ ಹಾಕಿ ಬರುವುದು ಹಾಲು ತಂದಷ್ಟು ಸಹಜವಾಗಿರುವಾಗ ಈ ಎರಡು ಅಂಕಿಗಳನ್ನು ಒಮ್ಮೆ ನೋಡಬಹುದು.

ಇಂಥ ಪುಸ್ತಕಗಳು ಹಡಗು ಹತ್ತಿ ನಮ್ಮ ದೇಶಕ್ಕೂ ಬಂದವು. ಪೇನನು ಮತವಿಚಾರವಾಗಿ ಬರೆದ ಮತ್ತೊಂದು ಗ್ರಂಥವು 1830ರ ಸುಮಾರಿಗೆ ಕಲ್ಕತ್ತೆಯ ವಿದ್ಯಾರ್ಥಿಗಳಲ್ಲಿ ಹರಡಿ, ಒಂದು ರೂಪಾಯಿಗೆ ಮಾರುತ್ತಿದ್ದುದು ಐದು ರೂಪಾಯಿಯವರೆಗೆ ಏರಿತೆಂದು ಡಫ್ ಪಾದ್ರಿಯು ಸಂಕಟದಿಂದ ಬರೆದಿದ್ದಾನೆ. ಪುಣೆಯಲ್ಲಿ ಜೋತಿರಾವ್ ಫುಲೆಯವರು ಇಪ್ಪತ್ತರ ವಯಸ್ಸಿನಲ್ಲಿ ಗೆಳೆಯರೊಡನೆ ಕೂಡಿ ‘ಮಾನವನ ಹಕ್ಕುಗಳು’ ಗ್ರಂಥವನ್ನು ಓದಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅವರೂ ಅವರ ಪತ್ನಿ ಸಾವಿತ್ರೀಬಾಯಿಯವರೂ 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಫುಲೆಯವರು 1873ರಲ್ಲಿ ‘ಗುಲಾಮಗಿರಿ’ಯನ್ನು ಪ್ರಕಟಿಸಿ, ಗುಲಾಮರನ್ನು ಬಿಡುಗಡೆಮಾಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಮುನ್ನುಡಿಯಲ್ಲಿ ಇಂಗ್ಲಿಷಿದ್ದರೂ ಪುಸ್ತಕವು ಮರಾಠಿ. ಅದೂ ಧೋಂಡಿಬಾ ಎಂಬುವನಿಗೂ ಜೋತಿರಾಯರಿಗೂ ನಡೆದ ಸಂವಾದದ ರೂಪದಲ್ಲಿದೆ. ಒಬ್ಬನು ಓದಿದರೆ ಹತ್ತು ಮಂದಿ ಕೇಳಬೇಕಾದ ನಾಡಿನಲ್ಲಿ ಸಂವಾದಕ್ಕಿಂತ ಯೋಗ್ಯವಾದ ರೂಪವಿಲ್ಲ. ಶುಕಮುನಿಯು ಹೇಳಿದ್ದೂ ಪರೀಕ್ಷಿತನು ಕೇಳಿದ್ದೂ ಹಾಗೆಯೇ ಅಲ್ಲವೆ?

ಗಾಂಧಿಯವರ ‘ಹಿಂದ್ ಸ್ವರಾಜ್’ ಕೂಡ ಸಂವಾದವೇ. ಅಲ್ಲಿ ಪ್ರಶ್ನೆ ಕೇಳುವವನು ವಾಚಕ, ಉತ್ತರ ಹೇಳುವವನು ಸಂಪಾದಕ. 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಿಂದಿರುಗುತ್ತ ‘ಕಿಲ್ಡೋನನ್ ಕ್ಯಾಸಲ್’ ಎಂಬ ಹಡಗಿನಲ್ಲಿ ಅವರು ಅದನ್ನು ಗುಜರಾತಿಯಲ್ಲಿ ಬರೆದರು. ಬಲಗೈ ಸೋತಾಗ ಎಡಗೈಯಿಂದ ಬರೆದರು. ಮುಂಬಯಿ ಸರಕಾರವು 1910ರ ಮಾರ್ಚಿಯಲ್ಲಿ ಅದನ್ನು ನಿಷೇಧಿಸಿತು. ಗಾಂಧಿಯವರು ಕೂಡಲೆ ಅದನ್ನು ಇಂಗ್ಲಿಷಿಗೆ ಮಾಡಿ ಪ್ರಕಟಿಸಿದರು.

ಒಂಬತ್ತು ವರ್ಷಗಳ ಮೇಲೆ, ರೌಲತ್ ಕಾನೂನಿನ ವಿರುದ್ಧವಾಗಿ ಸತ್ಯಾಗ್ರಹ ಹೂಡಿದ 1919ರ ಏಪ್ರಿಲ್ 6ರಂದು, ಯಾವ ಕಾನೂನನ್ನು ಮುರಿಯಬೇಕೆಂಬ ಪ್ರಶ್ನೆ ಬಂದಾಗ ಈ ನಿಷೇಧವೇ ಅನುಕೂಲವಾಗಿ ಕಂಡಿತು. ಉಪವಾಸ ಮುಗಿದ ಸಾಯಂಕಾಲ ಗಾಂಧಿಯವರೂ ಸರೋಜಿನೀ ನಾಯಿಡು ಅವರೂ ಮೋಟಾರುಗಳಲ್ಲಿ ಹೊರಟು ಮುಂಬಯಿಯ ಬೀದಿ ಬೀದಿಗಳಲ್ಲಿ ನಿಷಿದ್ಧ ಪುಸ್ತಕಗಳನ್ನು ಮಾರಿದರು. ಬೆಲೆ ನಾಲ್ಕು ಆಣೆ. ನಾಲ್ಕೇ ಆಣೆ ಕೊಟ್ಟು ಕೊಂಡವರು ತಮ್ಮ ನೆನಪಿನಲ್ಲಿ ಯಾರೂ ಇಲ್ಲವೆನ್ನುವಷ್ಟು ಕಡಮೆಯೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಐದು ರೂಪಾಯಿ, ಹತ್ತು ರೂಪಾಯಿಗಳ ನೋಟುಗಳು ಬಂದವು; ಒಂದು ಪ್ರತಿಗೆ ಐವತ್ತು ರೂಪಾಯಿಯೂ ಬಂದಿತು. ಕೊಂಡವರಿಗೆ ಸೆರೆಮನೆಯಾದೀತೆಂದು ಮೊದಲೇ ತಿಳಿಸಿದ್ದರು. ಸರಕಾರವು ಮಾತ್ರ ಬುದ್ಧಿವಂತಿಕೆಯಿಂದ, ಇದು ಹೊಸ ಮುದ್ರಣ, ನಿಷೇಧವಿದ್ದುದು ಹಳೆಯ ಮುದ್ರಣಕ್ಕೆ ಎಂದು ಸುಮ್ಮನಾಯಿತು.

ಬೆಲೆಯ ಮಾತಾಯಿತು, ನುಡಿಯ ಮಾತನ್ನೂ ಒಂದಿಷ್ಟು ಆಡಬೇಕು. ಆರು ಪೆನ್ನಿಗೆ ಕೊಟ್ಟರೂ ಅರ್ಥವಾಗದ ಪುಸ್ತಕವು ಮಿಠಾಯಿ ಕಟ್ಟುವುದಕ್ಕೇ ಸರಿ. ಕನ್ನಡದಲ್ಲಿ ಇಂಥ ವಿಷಯಗಳನ್ನು ಬರೆಯಹೊರಟವರಿಗೆ ಮಾತುಗಳನ್ನೂ ಹದಮಾಡಿಕೊಳ್ಳಬೇಕಾಯಿತು. ‘ಮತ’ವೆಂದರೆ ನಂಬಿಕೆಯೂ ಹೌದು, ಚುನಾವಣೆಯ ಚೀಟಿಯೂ ಹೌದು. ‘ಹಕ್ಕು’ ಹೊಲದ ಬದುವಿನ ಜಗಳದಿಂದ ಬಂದು ರಾಜ್ಯಾಂಗದಲ್ಲಿ ಕುಳಿತಿದೆ. ಅದು ಸಂಸ್ಕೃತದಿಂದ ಬಂದ ಮಾತಲ್ಲ, ಅರಬ್ಬಿಯಿಂದ ಬಂದದ್ದು. ‘ಪ್ರಜೆ’ಯೆಂದರೆ ಮೂಲದಲ್ಲಿ ಸಂತಾನ, ದೊರೆಯು ತಂದೆ, ಜನರು ಮಕ್ಕಳು. ಆ ಮಕ್ಕಳನ್ನೇ ಪ್ರಭುಗಳೆನ್ನುವ ‘ಪ್ರಜಾಪ್ರಭುತ್ವ’ ಎಂಬ ಸಮಾಸವನ್ನು ನಾವು ದಿನವೂ ಆಡುತ್ತಿದ್ದರೂ ಅದರೊಳಗಿನ ವಿನೋದವನ್ನು ಗಮನಿಸುವುದಿಲ್ಲ. ಡಿ. ವಿ. ಗುಂಡಪ್ಪನವರು ‘ರಾಜ್ಯಶಾಸ್ತ್ರ’ವನ್ನು ಕನ್ನಡದಲ್ಲಿಯೇ ಬರೆದುದೂ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದೂ ಒಂದೇ ಕೆಲಸದ ಎರಡು ಮುಖಗಳು. ಇಂಗ್ಲಿಷ್ ಬಾರದ ಗೃಹಸ್ಥನೂ ಮತದಾರನೇ ತಾನೆ?

ಪುಸ್ತಕದ ಬೆಲೆಯನ್ನು ಕುರಿತೇ ಇಬ್ಬರು ಹಿರಿಯರ ನಡುವೆ ಮಾತು ಬಂದ ಪ್ರಸಂಗವೊಂದು ನಮ್ಮ ದೇಶದಲ್ಲಿಯೇ ಉಂಟು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ತಮ್ಮ ವಾರ್ಷಿಕ ಸಮ್ಮೇಳನಕ್ಕೆ ಡಾಕ್ಟರ್ ಅಂಬೇಡ್ಕರ್ ಅವರನ್ನು ಅಧ್ಯಕ್ಷರಾಗಲು ಕರೆದಿದ್ದರು. ಭಾಷಣವನ್ನು ಮುಂಚಿತವಾಗಿ ಓದಿದ ಮಂಡಲದವರಿಗೆ ಅದರ ಕೆಲವು ಭಾಗಗಳು ಸಹಿಸಲಿಲ್ಲ, ತೆಗೆಯಬೇಕೆಂದರು. ಒಂದು ಅಲ್ಪವಿರಾಮವನ್ನೂ ತೆಗೆಯುವುದಿಲ್ಲವೆಂಬುದು ಅವರ ಉತ್ತರ. ಸಮ್ಮೇಳನವೇ ನಿಂತಿತು. ಆದರೆ ಭಾಷಣವು ಆಗಲೇ ಅವರ ಸ್ವಂತ ಖರ್ಚಿನಲ್ಲಿ 1500 ಪ್ರತಿಗಳಾಗಿ ಅಚ್ಚಾಗಿದ್ದಿತು. ಅದನ್ನೇ ಪುಸ್ತಕವಾಗಿ ಮಾರಾಟಕ್ಕಿಟ್ಟರು. ‘ಜಾತಿ ವಿನಾಶ’ ಎಂದು ನಾವು ಕನ್ನಡದಲ್ಲಿ ಓದುವುದು ಇದನ್ನೇ. ಬೆಲೆ ಎಂಟು ಆಣೆ.

ಗಾಂಧಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಇದನ್ನು ವಿಮರ್ಶಿಸಿದರು. ಶಾಸ್ತ್ರಗಳ ವಿಷಯದಲ್ಲಿಯೂ ವರ್ಣದ ವಿಷಯದಲ್ಲಿಯೂ ಅವರು ಅಂಬೇಡ್ಕರ್ ಅವರ ವಾದವನ್ನು ಒಪ್ಪಲಿಲ್ಲ. ಆದರೂ ಯಾವ ಸುಧಾರಕನೂ ಈ ಭಾಷಣವನ್ನು ಕಡೆಗಣಿಸಲಾರನೆಂದರು, ಓದಲೇಬೇಕೆಂದರು, ಎಂಟು ಆಣೆ ಹೆಚ್ಚಾಯಿತು, ಎರಡು ಆಣೆಗೆ, ಆಗದಿದ್ದರೆ ನಾಲ್ಕು ಆಣೆಗಾದರೂ ಇಳಿಸಬೇಕೆಂದರು. ತಾನು ಒಪ್ಪದ ಪುಸ್ತಕವು ಇನ್ನೂ ಅಗ್ಗವಾಗಲಿ ಎನ್ನುವ ವಿಮರ್ಶಕರು ಅಪರೂಪ. ಗಿಲ್ಡ್‌ಹಾಲಿನ ಅಟಾರ್ನಿ ಜನರಲನಿಗೆ ಈ ಮಾತು ಅರ್ಥವಾಗುತ್ತಿರಲಿಲ್ಲ.

ಅಂಬೇಡ್ಕರ್ ಅವರು ಆ ವಿಮರ್ಶೆಗೆ ಬಿಸಿಯಾದ ಉತ್ತರವನ್ನೇ ಬರೆದರು. ಮರ್ಯಾದೆಯ ಮಾತಿನಲ್ಲಿ ಮುಗಿಸಿ ಸುಮ್ಮನಾಗುವ ಸ್ವಭಾವ ಅವರದಲ್ಲ. ಮೊದಲ ಮುದ್ರಣದ ಪ್ರತಿಗಳು ಎರಡು ತಿಂಗಳಲ್ಲಿ ತೀರಿದವು. ಗುಜರಾತಿಗೂ ತಮಿಳಿಗೂ ಅನುವಾದವಾಯಿತು. ಬೇರೆ ಭಾಷೆಗಳ ಅನುವಾದಗಳು ನಡೆಯುತ್ತಿದ್ದವು. 1937ರಲ್ಲಿ ಎರಡನೆಯ ಮುದ್ರಣ ಬಂದಾಗ ಅವರು ಗಾಂಧಿಯವರ ಟೀಕೆಯನ್ನು ಪೂರ್ತಿಯಾಗಿ ಅಚ್ಚುಹಾಕಿ, ಅದರ ಹಿಂದೆ ತಮ್ಮ ಉತ್ತರವನ್ನು ಸೇರಿಸಿದರು. ಅಂದಿನಿಂದ ಆ ಪುಸ್ತಕವನ್ನು ಕೊಂಡವನಿಗೆ ಇಬ್ಬರ ಮಾತೂ ಒಂದೇ ರಟ್ಟಿನೊಳಗೆ ದೊರೆಯುತ್ತಿದೆ.